ಸಾಕು ಎಂದರೆ ಬರುವ ಬೆಕ್ಕು

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಈಗ 'ಸಾಕು' ಎನ್ನುವಂತಿಲ್ಲ. ಅಂದರೆ ಬೆಕ್ಕು ಬರುತ್ತದೆ.

ಮೊನ್ನೆ ಹಾಗೇ ಆಯಿತು. ನಮ್ಮವರ ಕಚೇರಿಗೆ ಹೊಸದಾಗಿ ಬಂದ ಹಾಸನದ ಹುಡುಗನೊಬ್ಬನನ್ನು ಊಟಕ್ಕೆ ಕರೆದಿದ್ದೆವು. ಪಾಪ, ದೆಹಲಿಗೆ ಬಂದ ಮೇಲೆ ಹುಳಿಯ ಮುಖ ಕಂಡಿರಲಿಲ್ಲವಂತೆ. ನಾನು ಎರಡನೆಯ ಸಲ ಸೌಟು ಎತ್ತಿದೆ. ಅವನು ಸಂಕೋಚದಿಂದ "ಸಾಕು ಆಂಟಿ, ಸಾಕು" ಎಂದ. ಅಷ್ಟೇ. ಕೂಲರಿನ ಪಕ್ಕದ ಕಿಟಕಿಯಿಂದ ಬೂದು ಬಣ್ಣದ ಉಂಡೆಯೊಂದು ಹಾರಿ ಬಂದು ಅವನ ತೊಡೆಯ ಮೇಲೆ ಇಳಿಯಿತು. ಹುಡುಗ ಅರ್ಧಕ್ಕೇ ಎದ್ದು ನಿಂತುಬಿಟ್ಟ.

"ಹೆದರ್ಕೋಬೇಡಪ್ಪ. ನೀನು ಕರೆದೆ, ಅದು ಬಂತು" ಎಂದರು ನಮ್ಮವರು, ಹಪ್ಪಳ ಮುರಿಯುತ್ತ.

ಅವನು ಯಾರನ್ನೂ ಕರೆದಿರಲಿಲ್ಲ. ಅದನ್ನು ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ಮಜ್ಜಿಗೆಯ ಸರದಿ ಬಂದಿತ್ತು. ನಿಮಗೂ ಹೇಳಿಬಿಡುತ್ತೇನೆ, ನಾಳೆ ನೀವೂ ಊಟಕ್ಕೆ ಬಂದು ಬೆಚ್ಚುವುದು ಬೇಡ.

ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನೆಲಮಹಡಿ ಸಿಕ್ಕಿತೆಂದರೆ ಮಗು ಹುಟ್ಟಿದಷ್ಟೇ ಸಂಭ್ರಮದಿಂದ ಜನ ಅಭಿನಂದಿಸುತ್ತಾರೆ. ಕಾರಣ, ಮನೆಯ ಮುಂದೆ ಎರಡು ಜಮಖಾನ ಹಾಸುವಷ್ಟು ಮಣ್ಣು ಸಿಗುತ್ತದೆ. ಆ ಮಣ್ಣು ನನ್ನದು ಎಂದು ನಾನೂ ನಂಬಿದ್ದೆ. ಮೆಣಸಿನ ಗಿಡ ಹಾಕಿದೆ, ಗಿಳಿಗಳು ಬಂದವು. ಒಂದು ಕಾಯನ್ನಾದರೂ ಪೂರ್ತಿ ತಿಂದಿದ್ದರೆ ಹೊಟ್ಟೆ ಉರಿಯುತ್ತಿರಲಿಲ್ಲ; ಒಂದೊಂದನ್ನೂ ಒಂದೇ ಸಲ ಕಚ್ಚಿ, ರುಚಿಯಿಲ್ಲ ಎನ್ನುವಂತೆ ಕೆಳಗೆ ಎಸೆದು ಹೋದವು. ಹೂಬತ್ತಿ ಹೊಸೆದು ಮೊರದಲ್ಲಿ ಹರಡಿಟ್ಟೆ. ಅಳಿಲು ಅದನ್ನು ಬಾಯಿ ತುಂಬ ತುರುಕಿಕೊಂಡು, ಗಡ್ಡ ಮೀಸೆ ಬೆಳೆದ ಸನ್ಯಾಸಿಯಂತೆ ಬೇವಿನ ಮರ ಹತ್ತಿತು. ದೇವರಿಗೆ ದೀಪವಿಲ್ಲ, ಅಳಿಲಿನ ಮರಿಗೆ ಮೆತ್ತೆ. ಹರಟೆಮಲ್ಲ ಎಂಬ ಹಕ್ಕಿಗಳು ಗುಂಪಾಗಿ ಬಂದು ನಾನು ಗುಡಿಸಿ ಒಟ್ಟಿದ ತರಗೆಲೆಯನ್ನು ಮತ್ತೆ ಹರವಿ, ಹರವಿದ್ದು ಸರಿಯಾಯಿತೇ ಇಲ್ಲವೇ ಎಂದು ಜೋರಾಗಿ ಚರ್ಚೆ ಮಾಡುತ್ತವೆ. ಆ ಹೆಸರಿಟ್ಟ ಪುಣ್ಯಾತ್ಮರಿಗೆ ನಮಸ್ಕಾರ. ಒಮ್ಮೆ ನವಿಲೇ ಬಂತು. ರಾಷ್ಟ್ರಪಕ್ಷಿಗೆ ಪೊರಕೆ ತೋರಿಸಬಹುದೇ ಎಂದು ಸರ್ಕಾರಿ ನೌಕರನ ಹೆಂಡತಿಯಾದ ನಾನು ಯೋಚಿಸುತ್ತ ನಿಂತಿರುವಾಗ, ಅದು ಟೊಮೇಟೊ ಸಸಿಗಳನ್ನು ಬೇರು ಸಮೇತ ಮುಗಿಸಿ, ಬಾಲ ಎಳೆದುಕೊಂಡು, ಗೇಟಿನ ಮೂಲಕವೇ ಗೌರವವಾಗಿ ಹೊರಟುಹೋಯಿತು.

ಇಷ್ಟರ ನಡುವೆ ಉಳಿದು ಬೆಳೆದದ್ದು ಒಂದು ಕರಿಬೇವಿನ ಗಿಡ. ನಿಮಗೆ ಇದು ದೊಡ್ಡ ವಿಷಯವಲ್ಲದಿರಬಹುದು. ದೆಹಲಿಯ ಚಳಿಯಲ್ಲಿ ಎಲೆಯೆಲ್ಲ ಉದುರಿಸಿಕೊಂಡು ಕಡ್ಡಿಯಾಗಿ, ಇನ್ನೇನು ಸತ್ತೇಹೋಯಿತು ಎನ್ನುವಾಗ ಹೋಳಿಯ ಹೊತ್ತಿಗೆ ಚಿಗುರುವ ಗಿಡವದು. ಅದಕ್ಕೆ ನಾನು ಚಳಿಗಾಲದಲ್ಲಿ ಹಳೆಯ ಶಾಲು ಹೊದಿಸಿದ್ದೇನೆ, ಹುಳಿ ಮಜ್ಜಿಗೆ ಎರೆದಿದ್ದೇನೆ. ಕಾಲೋನಿಯ ಅರ್ಧ ಜನಕ್ಕೆ ನನ್ನ ಹೆಸರು ಗೊತ್ತಿಲ್ಲ, ನಾನು 'ಕಡಿ ಪತ್ತೇವಾಲೀ ಆಂಟಿ'. ಅಂಥ ಗಿಡದ ನಟ್ಟನಡುವೆ ಈ ಬೇಸಿಗೆಯಲ್ಲಿ ಒಂದು ಪಿಕಳಾರ ಗೂಡು ಕಟ್ಟಿತು.

ಪಿಕಳಾರ ಎಂದರೆ ಬುಲ್‌ಬುಲ್. ತಲೆಗೊಂದು ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕುಂಕುಮದ ಕೈ ಒರೆಸಿದಂತೆ ಕೆಂಪು. ನಾನು ಗೂಡನ್ನು ಕಂಡದ್ದು ಹುಡುಕಿಯಲ್ಲ. ಒಲೆಯ ಮೇಲೆ ಸಾಸಿವೆ ಚಟಗುಟ್ಟುತ್ತಿತ್ತು. ಓಡಿ ಬಂದು ಗಿಡಕ್ಕೆ ಕೈ ಹಾಕಿದೆ. ಭರ್ರನೆ ಏನೋ ಮುಖಕ್ಕೆ ಹಾರಿತು. ನಾನು ಕಿರುಚಿದೆ, ಅದೂ ಕಿರುಚಿತು. ಒಳಗೆ ಸಾಸಿವೆ ಸೀದುಹೋಯಿತು. ಎಲೆ ಸರಿಸಿ ನೋಡಿದರೆ ಬಟ್ಟಲಿನಂಥ ಗೂಡು, ಅದರಲ್ಲಿ ಕೆಂಪು ಚುಕ್ಕೆಯ ಮೂರು ಮೊಟ್ಟೆ. ನನ್ನ ಎದೆಯ ಎತ್ತರಕ್ಕೂ ಇಲ್ಲ. ಇಡೀ ದೆಹಲಿಯ ಬೇವು, ಅರಳಿ, ನೇರಳೆ ಮರಗಳನ್ನೆಲ್ಲ ಬಿಟ್ಟು, ಬೆಕ್ಕು ಸುಮ್ಮನೆ ಹಿಂಗಾಲ ಮೇಲೆ ನಿಂತರೆ ಎಟಕುವ ಕಡೆ ಮನೆ ಮಾಡಿದ ಆ ಗಂಡ ಹೆಂಡಿರ ಬುದ್ಧಿಗೆ ಏನೆನ್ನಲಿ?

ಅಂದಿನಿಂದ ನಮ್ಮ ಮನೆಯ ಸಾರಿಗೆ ಕರಿಬೇವು ಇಲ್ಲ. ಗಿಡ ಅಂಗಳದಲ್ಲಿ, ನಾನು ತರಕಾರಿ ಭಯ್ಯಾನ ಗಾಡಿಯ ಮುಂದೆ ನಿಂತು ಕೊತ್ತಂಬರಿಯ ಜೊತೆ ಎರಡು ಎಳೆ ಬಾಡಿದ ಕಡಿ ಪತ್ತಾ ಹಾಕು ಎಂದು ಅಂಗಲಾಚುವುದು! ಅವನಿಗೋ ಆಶ್ಚರ್ಯ. "ಆಂಟೀಜಿ, ಆಪ್?" ಎಂದ.

ಇನ್ನು ಬೆಕ್ಕಿನ ವಿಷಯ. ನಮ್ಮಲ್ಲಿಗೆ ಬೆಕ್ಕುಗಳು ಮೊದಲಿನಿಂದಲೂ ಬಂದುಹೋಗುತ್ತಿದ್ದವು. ಅರ್ಧ ಕಿವಿಯ ಗಡವ ಬೆಕ್ಕೊಂದು ಕಾಂಪೌಂಡಿನ ಮೇಲೆ ತಪಾಸಣೆಗೆ ಬಂದ ದೊಡ್ಡ ಸಾಹೇಬರ ಹಾಗೆ ನಡೆದು, ಏನನ್ನೂ ಮುಟ್ಟದೆ, ಎಲ್ಲವನ್ನೂ ಅಸಮಾಧಾನದಿಂದ ನೋಡಿ ಹೋಗುತ್ತಿತ್ತು. ಅದರಿಂದ ತೊಂದರೆಯಿಲ್ಲ. ತೊಂದರೆ ಬಂದದ್ದು ಬೂದು ಬಣ್ಣದ ಪಟ್ಟೆಯ ಹೆಣ್ಣು ಬೆಕ್ಕಿನಿಂದ. ಅದು ಕೂಲರಿನ ಕೆಳಗೆ ತಂಪಿಗೆ ಮಲಗಲು ಬಂತು. ನಮ್ಮವರು ಒಂದು ಮಣ್ಣಿನ ತಟ್ಟೆಯಲ್ಲಿ ಹಾಲು ಹಾಕಿದರು.

ನಮ್ಮವರ ಬಗ್ಗೆ ಎರಡು ಮಾತು ಹೇಳದಿದ್ದರೆ ಕಥೆ ನಿಲ್ಲುವುದಿಲ್ಲ. ನಿವೃತ್ತಿ ಹತ್ತಿರ ಬಂತು, ಒಂದು ಹವ್ಯಾಸ ಇರಲಿ ಎಂದು ಅವರು ದುರ್ಬೀನು ಕೊಂಡಿದ್ದಾರೆ. ಅದನ್ನು ಕೊರಳಿಗೆ ಹಾಕಿಕೊಂಡು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತರೆ ಕಾಫಿ ತಣ್ಣಗಾದದ್ದೂ ಗೊತ್ತಾಗುವುದಿಲ್ಲ. ಹಕ್ಕಿಗೆ ನೀರಿಡುವ ಬಟ್ಟಲು, ಅದರ ಪಕ್ಕದಲ್ಲೇ ಬೆಕ್ಕಿಗೆ ಹಾಲಿನ ತಟ್ಟೆ. ಊಟಕ್ಕೆ ಕರೆದವರನ್ನೇ ಊಟಕ್ಕೆ ಬಡಿಸುವ ಏರ್ಪಾಟು.

"ರೀ, ಗಿಡದಲ್ಲಿ ಮೊಟ್ಟೆ ಇದೆ. ಆ ಬೆಕ್ಕಿಗೆ ಹಾಲು ಹಾಕಬೇಡಿ" ಎಂದೆ.

"ಪ್ರಕೃತಿಯಲ್ಲಿ ನಾವು ಕೈ ಹಾಕಬಾರದು ಕಣೇ."

"ಕೈ ಹಾಕಬಾರದು, ಹಾಲು ಮಾತ್ರ ಹಾಕಬಹುದೋ?"

ಅವರು ದುರ್ಬೀನು ಎತ್ತಿಕೊಂಡರು. ಉತ್ತರ ಗೊತ್ತಿಲ್ಲದಾಗ ಅವರಿಗೆ ದೂರದಲ್ಲಿ ಹಕ್ಕಿ ಕಾಣುತ್ತದೆ.

ಅವರು ಹಾಲು ಸುರಿಯುವಾಗಲೆಲ್ಲ ನಾನು ಅಡುಗೆಮನೆಯಿಂದ "ಸಾಕು! ಸಾಕೂ ಅಂದೆ!" ಎಂದು ಕೂಗುತ್ತಿದ್ದೆ. ಅವರು ಇನ್ನಷ್ಟು ಸುರಿಯುತ್ತಿದ್ದರು. ಇದು ಅವರ ತಪ್ಪೂ ಅಲ್ಲ, ನಮ್ಮಜ್ಜಿಯ ಕೈಯಲ್ಲಿ ಊಟ ಮಾಡಿದ ಅಳಿಯಂದಿರಿಗೆಲ್ಲ ಇರುವ ರೋಗ. ತುಮಕೂರಿನ ವಠಾರದ ಮನೆಯಲ್ಲಿ ನಮ್ಮಜ್ಜಿ ಬಡಿಸುವುದಕ್ಕೆ ನಿಂತರೆಂದರೆ 'ಸಾಕು' ಎನ್ನುವ ಮಾತಿಗೆ ಬೆಲೆಯೇ ಇರಲಿಲ್ಲ. "ಮೊದಲನೇ ಸಾಕು ಸಂಕೋಚದ್ದು ಕಣೇ, ಎರಡನೇದು ಮರ್ಯಾದೆಗೆ ಹೇಳೋದು. ಎರಡು ಕೈಯನ್ನೂ ಎಲೆಗೆ ಅಡ್ಡ ಇಟ್ಟು, ಮುಂದಕ್ಕೆ ಬಗ್ಗಿ, ಉಸಿರು ಕಟ್ಟಿ ಹೇಳ್ತಾರಲ್ಲ, ಅದೊಂದೇ ನಿಜವಾದ ಸಾಕು" ಎಂದು ನನಗೆ ಪಾಠ ಹೇಳಿದ್ದರು. ಅಡ್ಡ ಇಟ್ಟ ಕೈಬೆರಳ ಸಂದಿಯಿಂದಲೇ ಪಾಯಸ ಇಳಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಮ್ಮ ಕಡೆ 'ಸಾಕು' ಎಂದರೆ ಇನ್ನೊಂದು ಸೌಟು ಎಂದೇ ಅರ್ಥ. ಬೆಕ್ಕಿಗೂ ಹಾಗೆಯೇ ಅರ್ಥವಾಯಿತು. ಆ ಶಬ್ದ ಕೇಳಿದೊಡನೆ ಹಾಲು ಬೀಳುತ್ತದೆ ಎಂದು ಅದು ಕಲಿಯಿತು.

ಇದು ನನಗೆ ಗೊತ್ತಾದದ್ದು ಮಹಡಿಯ ಮೇಲಿನ ಭಾಟಿಯಾ ಭಾಭೀಜಿ ಕೈಯಲ್ಲಿ ಖಾಲಿ ಪಾತ್ರೆ ಹಿಡಿದು ಇಳಿದು ಬಂದ ದಿನ.

"ಭಾಭೀಜಿ, ಆಪ್ ಕೀ ಸಾಕು ಮೇರೀ ಸಾರೀ ಮಲಾಯಿ ಖಾ ಗಯೀ!"

ತುಪ್ಪ ಕಾಯಿಸಲೆಂದು ಅವರು ಕೂಡಿಸಿಟ್ಟಿದ್ದ ಕೆನೆಯೆಲ್ಲ ಹೋಗಿದೆ, ಅದು ತಿಳಿಯಿತು. ತಿಂದವರು ಯಾರೆಂದು ತಿಳಿಯಲಿಲ್ಲ.

"ಕೌನ್ ಸಾಕು?" ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅಚ್ಛಾ! ಬೆಳಗಿನಿಂದ ಸಂಜೆವರೆಗೆ ಸಾಕು, ಸಾಕೂ ಅಂತ ನೀವೇ ಕರೀತೀರಿ. ಈಗ ಕೌನ್ ಸಾಕು ಅಂತೀರಾ?" ಎಂದು ತಮ್ಮ ಹಿಂದಿಯಲ್ಲಿ ಕೈ ಕುಣಿಸಿದರು. ಎದುರು ಸಾಲಿನ ಮಕ್ಕಳಿಗೂ ಗೊತ್ತಂತೆ, ಹಾಲಿನವನಿಗೂ ಗೊತ್ತಂತೆ. "ಬಹುತ್ ಪ್ಯಾರಾ ನಾಮ್ ಹೈ, ಆದರೆ ಕಟ್ಟಿ ಹಾಕಿ ಇಟ್ಟುಕೊಳ್ಳಿ!"

ನಾನು, ಅದು ಹೆಸರಲ್ಲ, ನಿಮ್ಮ ಹಿಂದಿಯ 'ಬಸ್' ಎನ್ನುವುದಕ್ಕೆ ನಮ್ಮ ಭಾಷೆಯ ಮಾತು ಎಂದೆ. ಅವರು ಒಂದು ಕ್ಷಣ ಯೋಚಿಸಿ, "ಬೆಕ್ಕಿಗೆ ಬಸ್ ಅಂತ ಯಾರು ಹೆಸರಿಡ್ತಾರೆ?" ಎಂದು ಕೇಳಿದರು. ನಾನು ನಮ್ಮನೆಯ ಕೆನೆ ತಂದು ಅವರ ಪಾತ್ರೆಗೆ ಸುರಿದೆ. ಬೇರೆ ದಾರಿ ಇರಲಿಲ್ಲ. ಸುರಿದದ್ದರಿಂದ ಬೆಕ್ಕು ನನ್ನದೇ ಎಂದೂ ಖಚಿತವಾಯಿತು.

ಸಂಜೆ ಕಾಲೇಜಿನಿಂದ ಬಂದ ಮಗಳು ಅನುವಿನ ಮುಂದೆ ಗೋಳು ತೋಡಿಕೊಂಡೆ. ಅವಳು ದೆಹಲಿಯಲ್ಲೇ ಹುಟ್ಟಿದವಳು. ಕನ್ನಡ ಕಿವಿಯಲ್ಲಿ ಇಳಿಯುವಷ್ಟು ಸಲೀಸಾಗಿ ನಾಲಿಗೆಯಲ್ಲಿ ಹೊರಳುವುದಿಲ್ಲ. "ಲೇಕಿನ್ ಅಮ್ಮಾ, ನೀನೇ ತೋ ಹೇಳಿದ್ದು! ಸಾಕು, ಸಾಕು ಅಂತ. ಅದಕ್ಕೇ ಪಪ್ಪಾ ಮತ್ತೆ ನಾನು ಸಾಕಿದ್ವಿ."

"ನಾನು ಹೇಳಿದ್ದು ಸಾಕು ಅಂತ ಕಣೇ, ಸಾಕು ಅಂತ ಅಲ್ಲ!"

ಮಗಳು ನನ್ನ ಹಣೆ ಮುಟ್ಟಿ ನೋಡಿದಳು. ನಮ್ಮವರು ದುರ್ಬೀನಿನ ಹಿಂದೆ ಹೊಟ್ಟೆ ಕುಲುಕಿಸುತ್ತಿದ್ದರು. ಸಾವಿರಾರು ವರ್ಷ ಬಾಳಿದ ಭಾಷೆ. ಮುಗಿಸು ಎನ್ನುವುದಕ್ಕೂ ಸಲಹು ಎನ್ನುವುದಕ್ಕೂ ಒಂದೇ ಶಬ್ದ ಇಟ್ಟುಕೊಂಡು ಕೂತಿದೆ. ಯಾರ ಹತ್ತಿರ ದೂರು ಕೊಡಲಿ?

ಅಂದಿನಿಂದ ನಾನು ಆ ಶಬ್ದವನ್ನೇ ಬಿಟ್ಟೆ. 'ಬಸ್' ಎಂದೆ, 'ಹಟ್' ಎಂದೆ, 'ಛೀ' ಎಂದೆ. ಬೆಕ್ಕಿಗೆ ಹಿಂದಿ ಬರುತ್ತಿರಲಿಲ್ಲ.

ಮೊಟ್ಟೆಗಳು ಒಡೆದು ಮೂರು ಬೋಳು ಮರಿಗಳಾದವು. ಮರಿಗಳೇನು, ಮೂರು ಬಾಯಿ ಎನ್ನಿ. ಅದರೊಂದಿಗೆ ನನ್ನ ಕಾವಲೂ ಶುರುವಾಯಿತು. ಬೋಗನ್‌ವಿಲ್ಲಾದ ಮುಳ್ಳುಕೊಂಬೆ ಕಡಿದು ಗಿಡದ ಸುತ್ತ ಬೇಲಿ ಹಾಕಿದೆ. ಕೈಯೆಲ್ಲ ಗೀರಿತು, ಬೆಕ್ಕು ಅದರೊಳಗೆ ಮಲ್ಲಿಗೆ ಚಪ್ಪರದಲ್ಲಿ ನಡೆದಂತೆ ನಡೆಯಿತು. ಕಿತ್ತಳೆ ಸಿಪ್ಪೆಯ ವಾಸನೆ ಬೆಕ್ಕಿಗೆ ಆಗದು ಎಂದು ಅನು ಫೋನಿನಲ್ಲಿ ಓದಿ ಹೇಳಿದಳು. ಬೇಸಿಗೆಯಲ್ಲಿ ಕಿತ್ತಳೆ ಎಲ್ಲಿಂದ ಬರಬೇಕು? ಎಲ್ಲೋ ಶೈತ್ಯಾಗಾರದ ಹಣ್ಣು ತಂದು ಸಿಪ್ಪೆ ಹರಡಿದೆ. ಬೆಕ್ಕು ಅದರ ಮೇಲೆ ಮಲಗಿ ನಿದ್ದೆ ಹೋಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಗಾದೆ ಕೇಳುತ್ತದಲ್ಲ? ನಾನು. ನನ್ನ ಮುಂಗೈ ನೋಡಿ ಬೇಕಾದರೆ. ಒಂದು ಪುಟ್ಟ ಗೆಜ್ಜೆಯನ್ನು ಕೆಂಪು ದಾರದಲ್ಲಿ ಪೋಣಿಸಿ ಅದರ ಕೊರಳಿಗೆ ಕಟ್ಟಿದೆ. ಎರಡು ದಿನ ಮನೆಯೆಲ್ಲ ಝಣಝಣ. ಮೂರನೆಯ ದಿನ ಅದು ಗೆಜ್ಜೆ ಸದ್ದಾಗದಂತೆ ಹೆಜ್ಜೆಯಿಡುವುದನ್ನು ಕಲಿತಿತ್ತು. ಕೊರಳಲ್ಲಿ ಕೆಂಪು ದಾರ ಕಂಡ ಮೇಲಂತೂ ಅದು ನಮ್ಮದಲ್ಲ ಎಂದರೆ ನಂಬುವವರೇ ಇರಲಿಲ್ಲ.

ಒಂದು ಬೆಳಿಗ್ಗೆ ಗೂಡಿನಲ್ಲಿ ಎರಡೇ ಬಾಯಿ ತೆರೆದವು.

ನಾನು ಪೊರಕೆ ಹಿಡಿದು ಬೆಕ್ಕನ್ನು ಬೀದಿಯವರೆಗೂ ಅಟ್ಟಿದೆ. ಅನು ಅಡ್ಡ ಬಂದು "ಸಬೂತ್ ಏನಿದೆ ಅಮ್ಮಾ?" ಎಂದು ವಕೀಲಿ ಮಾಡಿದಳು. ಬೆಳಿಗ್ಗೆ ಗೂಡು ದೋಚುವ ಕೆಂಬೂತವೊಂದು ಗಿಡದೊಳಗೆ ನುಗ್ಗಿದ್ದನ್ನು ಭಾಟಿಯಾ ಭಾಭೀಜಿ ಮೇಲಿಂದ ನೋಡಿದ್ದರಂತೆ. ಇರಬಹುದು. ಆದರೆ ಆವತ್ತು ನಾನು ತಿಂಡಿ ಮಾಡಲಿಲ್ಲ. ತಾಯಿಹಕ್ಕಿ ಒಂದು ಹುಳು ಕಚ್ಚಿಕೊಂಡು ಬಂದು, ಎರಡಕ್ಕೂ ಉಣಿಸಿದ ಮೇಲೂ ಮತ್ತೊಂದು ಹುಳು ತಂದು, ಗೂಡಿನ ಅಂಚಿನಲ್ಲಿ ಕೂತು, ಯಾವ ಬಾಯಿಗೆ ಕೊಡಲಿ ಎನ್ನುವಂತೆ ಅತ್ತಿತ್ತ ನೋಡುತ್ತಿತ್ತು. ಅದಕ್ಕೆ ಲೆಕ್ಕ ಬರುವುದಿಲ್ಲ ಎಂದು ನಮ್ಮವರು ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಉಳಿದ ಎರಡನ್ನಾದರೂ ಹಾರಿಸಿಯೇ ಸಿದ್ಧ ಎಂದು ನಾನು ಕುರ್ಚಿಯನ್ನು ಗಿಡದ ಬುಡಕ್ಕೇ ಎಳೆದುಕೊಂಡೆ. ಹುರುಳಿಕಾಯಿ ನಾರು ತೆಗೆಯುವುದು, ಅಕ್ಕಿ ಆರಿಸುವುದು, ಊರಿಗೆ ಫೋನು ಮಾಡುವುದು, ಎಲ್ಲ ಅಲ್ಲೇ. ಲೂ ಎಂಬ ಬಿಸಿಗಾಳಿ ಬೀಸಿ ಮುಖ ಸುಡುತ್ತಿದ್ದರೂ ಒದ್ದೆ ಟವೆಲು ಹೊದ್ದು ಕೂತೆ. ಆ ಉಪಕಾರಗೇಡಿ ಪಿಕಳಾರವೋ, ಬೆಕ್ಕಿಗಿಂತ ಹೆಚ್ಚು ನನ್ನನ್ನೇ ಬೈಯುತ್ತಿತ್ತು.

ಮರಿಗಳಿಗೆ ಗರಿ ಮೂಡಿತು. ಜುಟ್ಟು ಮೂಡುವ ಜಾಗದಲ್ಲಿ ನಿದ್ದೆಯಿಂದ ಎದ್ದ ಮಗುವಿನಂತೆ ಕೂದಲು ಕೆದರಿತು. ಒಂದು ಭಾನುವಾರ ಬೆಳಿಗ್ಗೆ ನಾನು ಕಾಫಿ ಬಗ್ಗಿಸಲು ಒಳಗೆ ಹೋದ ಆ ಗಳಿಗೆಯನ್ನೇ ನೋಡಿ ಹಾರುವ ಪಾಠ ಆರಂಭವಾಯಿತು. ಹೊರಗೆ ಹಕ್ಕಿಗಳ ಗಲಾಟೆ ಕೇಳಿ ಓಡಿ ಬಂದರೆ, ಒಂದು ಮರಿ ಗೂಡಿನ ಅಂಚಿನಲ್ಲಿ ನಡುಗುತ್ತಿದೆ. ಇನ್ನೊಂದು ನೆಲದ ಮೇಲೆ, ಮುಳ್ಳುಕೊಂಬೆಯ ಹೊರಗೆ, ರೆಕ್ಕೆ ಬಡಿಯುತ್ತ ಬಿದ್ದಿದೆ. ಅದರಿಂದ ಎರಡು ಮೊಳ ದೂರದಲ್ಲಿ ಬೆಕ್ಕು, ನೆಲಕ್ಕೆ ಹೊಟ್ಟೆ ಹಚ್ಚಿ, ಬಾಲದ ತುದಿ ಮಾತ್ರ ಆಡಿಸುತ್ತಿದೆ.

"ಹಟ್! ಹಟ್!" ಎಂದು ಮೇಲಿನ ಬಾಲ್ಕನಿಯಿಂದ ಭಾಟಿಯಾ ಭಾಭೀಜಿ. "ಶೂ! ಶೂ!" ಎಂದು ಅನು. ನಮ್ಮವರು ಪ್ರಕೃತಿಯಲ್ಲಿ ಕೈ ಹಾಕಬಾರದು ಎಂಬುದನ್ನು ಮರೆತು ಚಪ್ಪಲಿ ಎಸೆದರು. ಅದು ಗುರಿ ತಪ್ಪಿ ಹಾಲಿನ ತಟ್ಟೆ ಒಡೆಯಿತು. ಬೆಕ್ಕಿನ ಕಿವಿ ಕೂಡ ಅಲುಗಲಿಲ್ಲ. ಅದರ ಹಿಂಭಾಗ ಮೆಲ್ಲಗೆ ಅತ್ತಿತ್ತ ಓಲಾಡತೊಡಗಿತು. ಬೆಕ್ಕನ್ನು ಬಲ್ಲವರಿಗೆ ಗೊತ್ತು, ಅದಾದ ಮೇಲೆ ನೆಗೆತವೇ.

ನನಗೆ ಯೋಚನೆ ಮಾಡಿದ ನೆನಪಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕರೆದೆ. ಗದರಿದ್ದಲ್ಲ, ಕರೆದದ್ದು. ಮಗುವನ್ನು ಊಟಕ್ಕೆ ಕರೆಯುವ ರಾಗದಲ್ಲಿ, ಇಡೀ ಕಾಲೋನಿಗೆ ಕೇಳುವಂತೆ, "ಸಾಕೂ... ಬಾರೇ ಸಾಕೂ..."

ಬೆಕ್ಕು ತಿರುಗಿ ನೋಡಿತು. ಮರಿಯನ್ನು ನೋಡಿತು. ಮತ್ತೆ ನನ್ನನ್ನು ನೋಡಿತು. ಮೇಲಿನಿಂದ ಭಾಟಿಯಾ ಭಾಭೀಜಿ, "ಹಾಂ, ದೇಖಾ?" ಎಂದು ಗೆದ್ದವರಂತೆ ಹೇಳಿದ್ದು ಕೇಳಿಸಿತು. ಹೇಳಿಕೊಳ್ಳಲಿ. "ಬಾರಮ್ಮಾ, ಹಾಲು ಕೊಡ್ತೀನಿ ಬಾ" ಎಂದೆ. ಅದು ಎದ್ದು, ಮೈ ಮುರಿದು, ಬಾಲ ನೆಟ್ಟಗೆ ಎತ್ತಿ, ಗೆಜ್ಜೆ ಝಣಗುಟ್ಟಿಸುತ್ತ ನಡೆದು ಬಂದು ನನ್ನ ಕಾಲ ಸಂದಿಯಿಂದ ಅಡುಗೆಮನೆಗೆ ನುಗ್ಗಿತು. ನಾನು ಬಾಗಿಲು ಹಾಕಿ ಚಿಲಕ ಜಡಿದೆ, ಕಿಟಕಿ ಮುಚ್ಚಿದೆ. ಒಳಗೆ ನಾನು, ಬೆಕ್ಕು, ಮತ್ತು ಕೂಲರಿನ ಗಾಳಿ ಬಾರದ ಉರಿಸೆಕೆ.

ಹೊರಗೆ ಏನಾಗುತ್ತಿದೆಯೋ ನನಗೆ ಕಾಣುವಂತಿಲ್ಲ.

"ರೀ, ಏನಾಯ್ತು?"

"ಇರು, ಫೋಕಸ್ ಮಾಡ್ತಿದೀನಿ."

ಹತ್ತು ಹೆಜ್ಜೆ ದೂರದ ಹಕ್ಕಿಮರಿಗೆ ದುರ್ಬೀನು! "ಬರಿ ಕಣ್ಣಲ್ಲಿ ನೋಡ್ರೀ!" ಎಂದು ಚೀರಿದೆ.

"ಮಂಜು ಮಂಜಾಗಿ ಹಸಿರು ಕಾಣ್ತಿದೆ... ತಾಯಿ ಬಂತು... ಅಲ್ಲ, ಅದು ಎಲೆ."

"ಅನೂ, ನೀನಾದರೂ ಹೇಳೇ!"

"ಅಮ್ಮಾ, ಛೋಟೂ ಹಾಪ್ ಮಾಡ್ತಿದೆ... ಗಿರ್ ಗಯಾ, ಬಿತ್ತು... ಉಠಾ, ಎದ್ದಿತು! ಮುಳ್ಳುಕೊಂಬೆಯ ಮೇಲೆ ಹತ್ತಿತು!"

ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ. ಬೆಕ್ಕು ಹಾಲು ಮುಗಿಸಿ ಮೀಸೆ ನೆಕ್ಕಿಕೊಂಡು, ಮತ್ತೆ ಬಾಗಿಲ ಬಳಿ ಬಂದು ಕೆರೆಯಲು ಶುರು ಮಾಡಿತು. ಇನ್ನಷ್ಟು ಹಾಲು ಹಾಕಿದೆ. ಆಮೇಲೆ ಮೊಸರು. ಆಮೇಲೆ ನಿನ್ನೆಯ ಕೆನೆ. ಅದು ಕೆರೆಯುವುದನ್ನು ಬಿಡುವವರೆಗೂ ಬಡಿಸುತ್ತಲೇ ಹೋದೆ. ಕಡೆಗೆ ನೆಲದ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತುಬಿಟ್ಟೆ. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಹೊರಗೆ ಹಕ್ಕಿಗಳ ಕೂಗು ಒಮ್ಮೆ ಹತ್ತಿರ, ಒಮ್ಮೆ ದೂರ. ಹಾಗೆ ಎಷ್ಟು ಹೊತ್ತು ಕೂತಿದ್ದೆನೋ. ಇದ್ದಕ್ಕಿದ್ದಂತೆ ಮೇಲಿಂದ ಚಪ್ಪಾಳೆ ಕೇಳಿತು.

"ಉಡ್ ಗಯೇ! ಭಾಭೀಜಿ, ದೋನೋ ಉಡ್ ಗಯೇ!"

ಎರಡೂ ಹಾರಿದವು. ಒಂದು ಕಾಂಪೌಂಡಿನ ಮೇಲೆ ಕೂತು, ಅಲ್ಲಿಂದ ಬೇವಿನ ಮರಕ್ಕೆ, ಇನ್ನೊಂದು ನೇರವಾಗಿ. ಇದನ್ನು ಭಾಟಿಯಾ ಭಾಭೀಜಿ ಕಣ್ಣು ತುಂಬ ನೋಡಿದರು, ಅನು ಅರ್ಧ ನೋಡಿ ಅರ್ಧ ಫೋನಿನಲ್ಲಿ ಹಿಡಿದಳು, ನಮ್ಮವರು ಮಂಜು ಮಂಜಾಗಿ ಹಸಿರು ಕಂಡರು. ಹುಳಿಮಜ್ಜಿಗೆ ಎರೆದು ಗಿಡ ಬೆಳೆಸಿದವಳು, ಕರಿಬೇವಿಲ್ಲದ ಸಾರು ತಿಂದವಳು, ಬಿಸಿಲಲ್ಲಿ ಬೆಂದವಳು ಚಿಲಕ ಹಾಕಿದ ಬಾಗಿಲಿನ ಹಿಂದೆ ಕೂತಿದ್ದಳು.

"ಬಾರೇ ಹೊರಗೆ, ಬೇಗ ಬಾ!" ಎಂದು ನಮ್ಮವರು ಬಾಗಿಲು ಬಡಿದರು. "ಬೇವಿನ ಕೊಂಬೇಲಿ ನಾಲ್ಕೂ ಸಾಲಾಗಿ ಕೂತಿವೆ. ಈಗ ಹಾರಿಹೋಗ್ತವೆ, ನೋಡು ಬಾ!"

"ಬರಕ್ಕಾಗಲ್ಲ ರೀ."

"ಯಾಕೆ? ಏನಾಯ್ತೇ?"

"ಕೂಗಬೇಡಿ, ಮೆಲ್ಲಗೆ ಮಾತಾಡಿ" ಎಂದೆ. "ನನ್ನ ಕಾಲ ಮೇಲೆ ಮಲಗಿದೆ. ಈಗ ತಾನೇ ನಿದ್ದೆ ಹತ್ತಿದೆ."